ಬೈತಲೆಪುರದ ಮುಖಪುಟಮ್ಮ

ಒಂದಾನೊಂದು ಊರಿನಲ್ಲಿ ಕೋಟೆ ಇರಲಿಲ್ಲ. ಜಾಲತಾಣ ಇತ್ತು.

ಊರಿನ ಹೆಸರು ಬೈತಲೆಪುರ. ಸುತ್ತಲಿನ ರಾಜರೆಲ್ಲ ಕಲ್ಲು ಹೊರಿಸಿ ಕೋಟೆ ಕಟ್ಟಿಸುತ್ತಿದ್ದ ಕಾಲ ಅದು. ಬೈತಲೆಪುರದ ಹಿರಿಯ ರಾಣಿಗೆ ಮಾತ್ರ ಕೋಟೆ ಹಿಡಿಸಲಿಲ್ಲ. ಕೋಟೆಯ ಮೇಲೆ ಧೂಳು ಕೂರುತ್ತದೆ, ದಿನಾ ಒರೆಸುವವರು ಯಾರು ಎಂದು ಕೇಳಿದಳು. ಮಂತ್ರಿಗಳಿಗೆ ಉತ್ತರ ಹೊಳೆಯಲಿಲ್ಲ. ಹೀಗಾಗಿ ಜಾಲತಾಣ ಕಟ್ಟಿಸಿದರು.

ಕೋಟೆಗೆ ಹೆಬ್ಬಾಗಿಲು ಇರುವ ಹಾಗೆ ಜಾಲತಾಣಕ್ಕೆ ಮುಖಪುಟ ಇರುತ್ತದೆ. ಊರಿನ ಬಾಯಲ್ಲಿ ಎರಡು ಕಲ್ಲುಕಂಬ ನೆಟ್ಟು, ನಡುವೆ ಜಮಖಾನದಷ್ಟು ದೊಡ್ಡ ಮುಖಪುಟವನ್ನು ಇಳಿಬಿಟ್ಟರು. ಊರೊಳಗೆ ಹೋಗುವವರು ಅದನ್ನು ದಾಟಿಯೇ ಹೋಗಬೇಕು. ಕಂಬಗಳ ಆಚೆ ಈಚೆ ಬಯಲೋ ಬಯಲು, ಎತ್ತಿನ ಗಾಡಿ ಕೂಡ ಹೋಗುವಷ್ಟು ಜಾಗ. ಆದರೂ ಯಾರೂ ಪಕ್ಕದಿಂದ ನುಸುಳುತ್ತಿರಲಿಲ್ಲ. ಅದು ಮರ್ಯಾದೆಯಲ್ಲ.

ಮುಖಪುಟ ಎಂದ ಮೇಲೆ ಮುಖ ಇತ್ತು. ಮುಖ ಇದ್ದ ಮೇಲೆ ಬಾಯಿ ಇತ್ತು. ಬಾಯಿ ಇದ್ದ ಮೇಲೆ ಮಾತು ಇತ್ತು. ಊರಿನವರು ಅವಳನ್ನು ಮುಖಪುಟಮ್ಮ ಎಂದು ಕರೆಯುತ್ತಿದ್ದರು. ಸೀಗೆಕಾಯಿಯ ವಾಸನೆ, ಬಿಸಿಲಿಗೆ ಒಣಗಿದ ಹತ್ತಿ ಸೀರೆಯ ವಾಸನೆ, ಎರಡೂ ಅವಳ ಹತ್ತಿರ ಬರುತ್ತಿದ್ದವು. ಯಾರೇ ಬರಲಿ, ಅವಳು ಕೇಳುತ್ತಿದ್ದದ್ದು ಒಂದೇ ಮಾತು.

"ಬಂದೆಯಾ? ತಲೆ ಬಾಚಿಕೊಂಡಿದ್ದೀಯಾ?"

ಹೌದು ಎಂದವರಿಗೆ ಪರದೆಯ ಹಾಗೆ ಮೇಲೆ ಸರಿದು ದಾರಿ ಬಿಡುತ್ತಿದ್ದಳು. ಇಲ್ಲ ಎಂದವರಿಗೆ ದಾರದಲ್ಲಿ ಕಟ್ಟಿದ ಒಂದು ಬಾಚಣಿಗೆಯನ್ನು ಮೆಲ್ಲಗೆ ಇಳಿಸುತ್ತಿದ್ದಳು. ಬಾಚಿಕೊಂಡೇ ಒಳಗೆ ಹೋಗಬೇಕು. ಒಮ್ಮೆ ಜಡೆಗಟ್ಟಿದ ಸನ್ಯಾಸಿಯೊಬ್ಬ ಬಂದ. ಬಾಚುತ್ತ ಕುಳಿತ. ಬಾಚಿ ಮುಗಿಸುವ ಹೊತ್ತಿಗೆ ಅವನಿಗೆ ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದರು. ಮೂವರೂ ತಲೆ ಬಾಚಿಕೊಂಡು ಒಳಗೆ ಹೋದರು. ಹೆಂಡತಿ ಮೊದಲೇ ಬಾಚಿಕೊಂಡಿದ್ದಳು. ಹಾಗಿತ್ತು ಆ ಕಾಲ.

ಹಿರಿಯ ರಾಣಿಯ ಮೊಮ್ಮಗಳು ಸಿಂಗಾರಮ್ಮಣ್ಣಿ. ಈ ಕತೆ ಅವಳದು.

ಸಿಂಗಾರಮ್ಮಣ್ಣಿ ಚಿಕ್ಕವಳಿದ್ದಾಗ ಮಧ್ಯಾಹ್ನಗಳು ಈಗಿನದಕ್ಕಿಂತ ಉದ್ದವಾಗಿರುತ್ತಿದ್ದವು. ಊಟವಾದ ಮೇಲೆ ಓಡಿಹೋಗಿ, ಕೆರೆಯ ಏರಿಯ ಮೇಲೆ ಆಡಿ, ಹುಣಸೆಮರ ಹತ್ತಿ ಇಳಿದು ಬಂದರೂ ಇನ್ನೂ ಮಧ್ಯಾಹ್ನವೇ. ಬರುವಾಗ ರಿಬ್ಬನ್ ಎಲ್ಲೋ ಬಿದ್ದಿರುತ್ತಿತ್ತು. ಜಡೆ ಬಿಚ್ಚಿ ಹೆಗಲ ಮೇಲೆ ಹರಡಿರುತ್ತಿತ್ತು. ಮುಖಪುಟಮ್ಮ ಕೇಳುತ್ತಿದ್ದಳು, ತಲೆ ಬಾಚಿಕೊಂಡಿದ್ದೀಯಾ. ಅಜ್ಜಿ ಬಂದು ಬಾಚಿ ಬೈತಲೆ ತೆಗೆದ ಮೇಲೆ ಹುಡುಗಿ ತಲೆ ತೋರಿಸಿದರೆ, ಮುಖಪುಟಮ್ಮ ಜಾಣೆ ಎನ್ನುತ್ತಿದ್ದಳು. ಆ ಒಂದು ಮಾತು ಕೇಳುವುದಕ್ಕಾಗಿ ಸಿಂಗಾರಮ್ಮಣ್ಣಿ ದಿನಾ ಬೇಕೆಂದೇ ಜಡೆ ಕೆದರಿಕೊಂಡು ಬರುತ್ತಿದ್ದಳು.

ಅವಳು ಒಂದು ವಿಷಯ ನಂಬಿದ್ದಳು. ಆ ಪ್ರಶ್ನೆ ತನಗೊಬ್ಬಳಿಗೇ ಎಂದು.

ನಂಬುವುದಕ್ಕೆ ಕಾರಣವೂ ಇತ್ತು. ಅವಳು ರಾಜಮನೆತನದ ಕೂಸು. ಅವಳು ಬರುತ್ತಿದ್ದಾಳೆ ಎಂದರೆ ಉಳಿದವರೆಲ್ಲ, ಜೊತೆಯಲ್ಲಿ ಆಡುವ ಗೆಳತಿ ಕೂಡ, ದೂರ ಸರಿದು ನಿಲ್ಲುತ್ತಿದ್ದರು. ಮುಖಪುಟಮ್ಮ ಬೇರೆಯವರನ್ನು ಏನು ಕೇಳುತ್ತಾಳೆ ಎಂದು ಅವಳ ಕಿವಿಗೆ ಬೀಳುವ ಸಂದರ್ಭವೇ ಇರಲಿಲ್ಲ. ದೊಡ್ಡವಳಾದಳು, ಪಟ್ಟಕ್ಕೆ ಬಂದಳು, ಕೂದಲು ನರೆಯಿತು. ಸೆರಗಿನ ಒಂದು ನೆರಿಗೆ ಆಚೀಚೆ ಆಗದ ಹಾಗೆ, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುವ ರಾಣಿಯಾದಳು. ಆದರೂ ಸಂಜೆ ಹೊರಗೆ ಹೋಗಿ ಹಿಂದಿರುಗಿದಾಗ ಮುಖಪುಟಮ್ಮ ಅದೇ ಪ್ರಶ್ನೆ ಕೇಳುತ್ತಿದ್ದಳು. ಊರಿನಲ್ಲಿ ರಾಣಿಯನ್ನು ಏಕವಚನದಲ್ಲಿ ಮಾತಾಡಿಸುವವರು ಬೇರೆ ಯಾರೂ ಉಳಿದಿರಲಿಲ್ಲ.

ಹೀಗಿರುವಾಗ ಒಂದು ದಿನ ಮುಖಪುಟದ ಒಳಮಗ್ಗುಲಲ್ಲೇ ರಾಣಿಯ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಪರಿವಾರದವರು ಬೇರೆ ಚಪ್ಪಲಿ ತರಲು ಓಡಿದರು. ರಾಣಿ ಒಂಟಿ ಕಾಲಿನ ಮೇಲೆ ಭಾರ ಹಾಕಿ ಘನತೆಯಿಂದ ನಿಂತಿದ್ದಳು. ಆಗ ಹೊರಗಡೆಯಿಂದ ಉಪ್ಪು ಮಾರುವ ಕಾಳಯ್ಯ ಬಂದ. ಕಾಳಯ್ಯನ ತಲೆಯ ಮೇಲೆ ಒಂದೇ ಒಂದು ಕೂದಲೂ ಇರಲಿಲ್ಲ. ಹಿತ್ತಾಳೆ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

"ಬಂದೆಯಾ? ತಲೆ ಬಾಚಿಕೊಂಡಿದ್ದೀಯಾ?" ಎಂದಳು ಮುಖಪುಟಮ್ಮ.

ಕಾಳಯ್ಯ ತಲೆ ಸವರಿಕೊಂಡು, "ಬೆಳಿಗ್ಗೆಯೇ ಬಾಚಿದೆ ಕಣಮ್ಮ" ಎಂದ.

"ಜಾಣ" ಎಂದಳು ಮುಖಪುಟಮ್ಮ. ಅದೇ ದನಿ. ಅದೇ ಅಕ್ಕರೆ. ಒಂದು ಎಳೆಯೂ ಕಡಿಮೆ ಇಲ್ಲ.

ರಾಣಿ ಅರಮನೆಗೆ ಹೋಗಿ ಊಟಕ್ಕೆ ಕುಳಿತವಳು ಸಾರಿಗೆ ಉಪ್ಪಿಲ್ಲ ಎಂದು ಎದ್ದುಬಿಟ್ಟಳು. ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ಕಾಳಯ್ಯನದೇ ಉಪ್ಪು.

ಹಸಿದ ಹೊಟ್ಟೆಯಲ್ಲಿ ಜಾಲತಾಣದ ಮೇಸ್ತ್ರಿಯನ್ನು ಕರೆಸಿದಳು. ಮೇಸ್ತ್ರಿಯ ಹೆಸರು ಇನಾಸಪ್ಪ. ಮುಖಪುಟದ ದಾರ ಬಿಗಿಮಾಡುವುದು, ಮಳೆಗಾಲದಲ್ಲಿ ಮುಖ ಒರೆಸುವುದು, ಹಬ್ಬಕ್ಕೆ ಅಂಚಿಗೆ ಬಣ್ಣ ಹಚ್ಚುವುದು ಅವನ ಕೆಲಸ. ಅವನೂ ಊಟದ ನಡುವಿನಿಂದ ಎದ್ದು ಬಂದಿದ್ದ. ಜೊತೆಗೆ ದಿವಾನ್ ನರಸರಾಜಯ್ಯನವರೂ ಬಂದರು. ದಿವಾನರಿಗೆ ಕರೆ ಬಂದಿರಲಿಲ್ಲ. ಆದರೆ ಯಾರನ್ನು ಕರೆದರೂ ಬರುವುದು ಅವರ ಪದ್ಧತಿ.

ತನಗೂ ಅದೇ ಪ್ರಶ್ನೆ, ಉಪ್ಪಿನವನಿಗೂ ಅದೇ ಪ್ರಶ್ನೆಯೇ ಎಂದು ರಾಣಿ ಕೇಳಿದಳು. ಇನಾಸಪ್ಪ ಇದ್ದದ್ದನ್ನು ಹೇಳಿದ. ಮುಖಪುಟಮ್ಮನಿಗೆ ಕಂಡದ್ದೆಲ್ಲ ನೆನಪಿರುತ್ತದೆ, ಆದರೆ ಯಾವ ನೆನಪು ಯಾರದೆಂದು ಗೊತ್ತಿರುವುದಿಲ್ಲ. ಎಲ್ಲ ಒಂದೇ ಡಬ್ಬಿಯಲ್ಲಿ ಹಾಕಿದ ಗುಂಡಿಗಳ ಹಾಗೆ. ಬೇರೆ ಊರಿನ ಜಾಲತಾಣಗಳಲ್ಲಿ ಹೀಗಿಲ್ಲ. ಅಲ್ಲಿ ಬಂದವರು ಬಾಗಿಲಲ್ಲೇ ತಮ್ಮ ಹೆಸರು ಮತ್ತು ಒಂದು ಗುಟ್ಟಿನ ಮಾತು ಹೇಳುತ್ತಾರೆ. ಅದಕ್ಕೆ ಲಾಗಿನ್ ಎನ್ನುತ್ತಾರೆ. ಲಾಗಿನ್ ಆದವರಿಗೆ ಮುಖಪುಟ ಒಂದು ಮುಖ ತೋರಿಸುತ್ತದೆ. ಹೆಸರು ಹೇಳದ ಅನಾಮಿಕರಿಗೆ ಇನ್ನೊಂದು ಮುಖ.

ರಾಣಿಗೆ ಇದು ಬಹಳ ಶಿಸ್ತಿನ ಏರ್ಪಾಟಾಗಿ ಕಂಡಿತು. ಆ ಪ್ರಶ್ನೆಯನ್ನು ಇನ್ನು ಮುಂದೆ ತನ್ನ ಹೆಸರಿಗೇ ಬರೆದಿಡಬೇಕು, ಬೇರೆ ಯಾರನ್ನೂ ಕೇಳಕೂಡದು ಎಂದು ಅಪ್ಪಣೆ ಮಾಡಿದಳು. ಮತ್ತೆ ಲಾಗಿನ್ ಆದ ಬೇರೆಯವರಿಗೆ ಏನು ಹೇಳಿಸುವುದು ಎಂದರು ದಿವಾನರು. ಅವರವರಿಗೆ ಬೇಕಾದದ್ದು ಎಂದಳು ರಾಣಿ. ಅನಾಮಿಕರಿಗೆ?

"ಯಾರು ನೀವು ಎಂದು ಕೇಳಿದರೆ ಸಾಕು" ಎಂದು ರಾಣಿ ಎದ್ದಳು. ಆ ಮಾತು ಆಡಿ ಅಲ್ಲೇ ಮರೆತಳು.

ಮರುದಿನದಿಂದ ಕೆಲಸ ಶುರುವಾಯಿತು. ಇನಾಸಪ್ಪ ಡಬ್ಬಿಯಲ್ಲಿದ್ದ ಹಳೆಯ ನೆನಪುಗಳನ್ನೂ ಅವರವರ ಹೆಸರಿಗೆ ಬೇರೆ ಮಾಡಿಸಿದ. ಊರಿನವರೆಲ್ಲ ಸಾಲಾಗಿ ನಿಂತು ಹೆಸರು ಮತ್ತು ಗುಟ್ಟಿನ ಮಾತು ಒಪ್ಪಿಸಬೇಕಾಯಿತು. ಮೊದಮೊದಲು ಎಲ್ಲರ ಗುಟ್ಟೂ ಬೆಲ್ಲ ಎಂದೇ ಇತ್ತು. ಎಲ್ಲರದೂ ಒಂದೇ ಆದರೆ ಅದು ಗುಟ್ಟು ಹೇಗಾಗುತ್ತದೆ ಎಂದು ದಿವಾನರು ತಲೆ ಕೆಡಿಸಿಕೊಂಡು ಒಂದು ನಿಯಮ ತಂದರು. ಪ್ರತಿ ಗುಟ್ಟಿನಲ್ಲೂ ಒಂದು ಹಕ್ಕಿ, ಒಂದು ಅಂಕಿ, ಒಂದು ಕೆಮ್ಮು ಇರಲೇಬೇಕು. ಹೀಗಾಗಿ ಬೆಳಗಾದರೆ ಊರಬಾಗಿಲಲ್ಲಿ ಜನ ಗೊರವಂಕ ಏಳು ಖೊ, ಕೊಕ್ಕರೆ ಒಂಬತ್ತು ಖೊ ಖೊ ಎಂದು ಹೇಳಿಕೊಂಡು ಒಳಗೆ ಹೋಗುತ್ತಿದ್ದರು. ಪಕ್ಕದ ಊರಿನ ವೈದ್ಯರು ಬೈತಲೆಪುರಕ್ಕೆ ಏನೋ ಕಾಯಿಲೆ ಬಂದಿದೆ ಎಂದು ಕಷಾಯ ಕಳಿಸಿದರು.

ಕಷಾಯದಿಂದ ಅನಾಹುತವಾಯಿತು. ಅಕ್ಕಸಾಲಿ ಮೋನಪ್ಪನಿಗೆ ನಿಜವಾಗಿಯೇ ಹಳೆಯ ಕೆಮ್ಮಿತ್ತು. ಅವನು ಅದನ್ನೇ ಗುಟ್ಟಿಗೆ ಕೊಟ್ಟಿದ್ದ. ಕಷಾಯ ಕುಡಿದು ಕೆಮ್ಮು ವಾಸಿಯಾಯಿತು. ಹೊರಗೆ ಹೋಗಿ ಬಂದವನು ಎಷ್ಟು ತಿಣುಕಿದರೂ ಆ ಕೆಮ್ಮು ಬರಲಿಲ್ಲ. ಹೆಸರು ಸರಿ, ಹಕ್ಕಿ ಸರಿ, ಅಂಕಿ ಸರಿ, ಕೆಮ್ಮು ಇಲ್ಲ, ಯಾರು ನೀವು ಎಂದಳು ಮುಖಪುಟಮ್ಮ. ಅವನ ಹೆಂಡತಿ ಭದ್ರಮ್ಮ ಒಳಗಡೆಯಿಂದ, ಅವರು ನನ್ನ ಯಜಮಾನರು ಎಂದಳು. ನಿಮ್ಮ ಯಜಮಾನರಿಗೆ ಕೆಮ್ಮಿದೆ, ಇವರಿಗಿಲ್ಲ ಎಂದಳು ಮುಖಪುಟಮ್ಮ. ಭದ್ರಮ್ಮನಿಗೂ ಅದು ಸರಿ ಎನಿಸಿತು. ಕೆಮ್ಮುವ ಗಂಡ ಬರುವ ತನಕ ಕಾಯುತ್ತೇನೆ ಎಂದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೋನಪ್ಪ ಹೊರಗೆ ಹೊಂಗೆಮರದ ಕೆಳಗೆ ಕುಳಿತ.

ರಾಣಿಗೆ ಮಾತ್ರ ಇದ್ಯಾವ ತೊಂದರೆಯೂ ಇರಲಿಲ್ಲ. ರಾಣಿ ಬಾಗಿಲಲ್ಲಿ ನಿಂತು ಕೆಮ್ಮುವುದು ಶೋಭೆಯಲ್ಲ ಎಂದು ಇನಾಸಪ್ಪ ಅವಳ ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿಯುವ ಹಾಗೆ ಮಾಡಿದ್ದ. ರಾಣಿ ಯಾವಾಗಲೂ ಲಾಗಿನ್ ಆಗಿಯೇ ಇರುತ್ತಿದ್ದಳು.

ದಿವಾನರ ಪಾಡು ಬೇರೆ. ಅವರು ಒಂದು ದಿನ ಸಂತೆಯಲ್ಲಿ ಯಾರೋ ಕರೆದಂತಾಗಿ ತಿರುಗಿದಾಗ ಹಾಗಲಕಾಯಿಯ ಬುಟ್ಟಿಯ ಮೇಲೆ ಕಣ್ಣು ಬಿದ್ದಿತ್ತು. ಅಷ್ಟೇ. ಮರುದಿನ ಮುಖಪುಟಮ್ಮ ಅವರನ್ನು ಕಂಡೊಡನೆ, ನೀವು ಹಾಗಲಕಾಯಿ ನೋಡಿದಿರಿ, ಇಗೋ ಹಾಗಲಕಾಯಿ ಎಂದು ಒಂದು ಬುಟ್ಟಿ ಇಳಿಸಿದಳು. ಬೇಡ ಎನ್ನಲು ದಿವಾನರು ಬುಟ್ಟಿಯ ಕಡೆ ನೋಡಿದರು. ಮತ್ತೆ ನೋಡಿದಿರಿ ಎಂದು ಇನ್ನೆರಡು ಬುಟ್ಟಿ ಬಂತು. ಹಾಗಲಕಾಯಿ ನೋಡುವವರು ಸೋರೆಕಾಯಿಯನ್ನೂ ನೋಡುತ್ತಾರೆ ಎಂದು ಸೋರೆಕಾಯಿ ಬಂತು. ಸೋರೆಕಾಯಿ ನೋಡುವವರು ಪಡವಲಕಾಯಿಯನ್ನೂ ನೋಡುತ್ತಾರೆ. ದಿವಾನರು ಕಣ್ಣು ಮುಚ್ಚಿಕೊಂಡು ನಡೆಯತೊಡಗಿದರು. ಕಣ್ಣು ಮುಚ್ಚಿದವರು ಕುಂಬಳಕಾಯಿಯ ಮೇಲೆ ಎಡವುತ್ತಾರೆ. ಎಡವಿದವರಿಗೆ ಕುಂಬಳಕಾಯಿಯಲ್ಲಿ ಆಸಕ್ತಿ ಇದೆ ಎಂದು ಮುಖಪುಟಮ್ಮ ತಿಳಿದುಕೊಂಡಳು. ಕಾಯಿಗಳು ದಿವಾನರ ಮನೆಯ ಮಹಡಿಯವರೆಗೂ ಏರಿದವು. ಅದರಲ್ಲಿ ಹಿರಿಯ ಕುಂಬಳಕಾಯಿಯೊಂದು ಅವರ ಕುರ್ಚಿಯಲ್ಲಿ ಕುಳಿತು, ದಿವಾನರು ಸ್ನಾನಕ್ಕೆ ಹೋಗಿದ್ದಾರೆ, ಏನು ಸಮಾಚಾರ ಎಂದು ಬಂದವರನ್ನು ವಿಚಾರಿಸಿಕೊಳ್ಳುತ್ತಿತ್ತು.

ಇವೆಲ್ಲ ರಾಣಿಗೆ ಸಣ್ಣ ವಿಷಯ. ಅವಳಿಗೆ ಬೇಕಾದದ್ದು ಒಂದೇ ಒಂದು.

ಮೊದಲ ದಿನ ಅವಳು ಹಸಿರು ಅಂಚಿನ ಸೀರೆ ಉಟ್ಟು ಹೊರಗೆ ಹೋಗಿ, ಹೊರಗೆ ಏನೂ ಕೆಲಸವಿಲ್ಲದ್ದರಿಂದ ಕೂಡಲೇ ಹಿಂದಿರುಗಿದಳು. ಮುಖಪುಟಮ್ಮ ಕೇಳಿದಳು. ತನ್ನೊಬ್ಬಳನ್ನೇ ಕೇಳಿದಳು. ರಾಣಿಗೆ ಕಣ್ಣು ತುಂಬಿಬಂತು. ಎರಡನೆಯ ದಿನವೂ ಕೇಳಿದಳು. ಆಮೇಲೆ ಒಂದು ದಿನ ರಾಣಿ ಬಂದು ನಿಂತರೆ ಮುಖಪುಟಮ್ಮ ಸುಮ್ಮನೆ ಮೇಲೆ ಸರಿದು ದಾರಿ ಬಿಟ್ಟಳು.

ರಾಣಿ ದಾಟಲಿಲ್ಲ. ಏನೋ ಮರೆತ ಹಾಗಿದೆ ಎಂದಳು.

"ಏನೂ ಮರೆತಿಲ್ಲ, ಮಹಾರಾಣಿಯವರೇ" ಎಂದಳು ಮುಖಪುಟಮ್ಮ. "ನೀವು ಬೆಳಿಗ್ಗೆ ತಲೆ ಬಾಚಿಕೊಂಡಿದ್ದೀರಿ. ನಿನ್ನೆಯೂ ಬಾಚಿಕೊಂಡಿದ್ದಿರಿ. ಎಡಗಡೆ ಮೂರು ಪಿನ್ನು. ಎಲ್ಲ ನಿಮ್ಮ ಹೆಸರಿನಲ್ಲಿ ನನ್ನ ಹತ್ತಿರ ಇದೆ. ಗೊತ್ತಿರುವುದನ್ನು ಮತ್ತೆ ಕೇಳುವುದು ಹೇಗೆ?"

ನೀನು ಎಂದು ಕರೆಯುತ್ತಿದ್ದವಳು ನೀವು ಎಂದಿದ್ದಳು. ಪ್ರಶ್ನೆ ತನ್ನ ಹೆಸರಿನಲ್ಲೇ ಇತ್ತು. ಕೇಳುವವಳು ಮಾತ್ರ ಇರಲಿಲ್ಲ.

ಮರುದಿನ ರಾಣಿ ತಲೆ ಕೆದರಿಕೊಂಡು ಬಂದಳು. ಅಷ್ಟು ವರ್ಷದ ಮೇಲೆ ಅವಳು ಕೆದರಿದ ತಲೆಯಲ್ಲಿ ಬೀದಿಗೆ ಬಂದದ್ದು ಅದೇ ಮೊದಲು. ಇಂದು ಬಾಚಿಕೊಂಡಿಲ್ಲ, ತಿಳಿಯಿತು, ಬಾಚಣಿಗೆ ಇಗೋ ಎಂದಳು ಮುಖಪುಟಮ್ಮ. ಕೇಳಲಿಲ್ಲ. ಇನ್ನೊಂದು ದಿನ ರಾಣಿ ಮುಸುಕು ಹಾಕಿಕೊಂಡು, ಎಣ್ಣೆ ಮಾರುವವಳ ಹಾಗೆ ಸೊಂಟ ಬಳುಕಿಸಿ ನಡೆದು ಬಂದಳು. ಮಹಾರಾಣಿಯವರು ಇಂದು ಮುಸುಕು ಹಾಕಿದ್ದಾರೆ, ಸೊಂಟ ನೋವೇ ಎಂದಳು ಮುಖಪುಟಮ್ಮ.

ಇತ್ತ ಹೊಂಗೆಮರದ ಕೆಳಗೆ ಮೋನಪ್ಪನ ಜೊತೆಗೆ ಜನ ಸೇರತೊಡಗಿದ್ದರು. ಉಪ್ಪಿನ ಕಾಳಯ್ಯನಿಗೆ ಹಕ್ಕಿ ಮರೆತುಹೋಗಿತ್ತು. ಬಿಕ್ಕಳಿಕೆ ಬಂದ ಒಬ್ಬಳಿಗೆ ಕೆಮ್ಮು ಬಿಕ್ಕಳಿಕೆಗೆ ಬೆರೆತುಹೋಗಿತ್ತು. ಯಾರು ನೀವು ಎಂದು ಮುಖಪುಟಮ್ಮ ಅವರನ್ನು ಕೇಳಿದಾಗ ಕಾಳಯ್ಯ, ಯಾರಿಲ್ಲ, ಹೀಗೇ ಬಂದೆ ಎಂದು ಹಿಂದಕ್ಕೆ ತಿರುಗಿದ್ದ. ಉಳಿದವರೂ ಹಾಗೇ ತಿರುಗಿದ್ದರು. ಅನಾಮಿಕರಾದವರನ್ನು ಯಾವ ಕಾಯಿಯೂ ಬೆನ್ನಟ್ಟುತ್ತಿರಲಿಲ್ಲ. ಹರಟೆ, ನಗು, ಚೌಕಾಬಾರದ ಆಟ. ಒಳಗಿದ್ದವರಿಗೆ ಆ ನಗು ಕೇಳಿಸುತ್ತಿತ್ತು. ನೀರಿಗೆ ಬಂದವರು ಕೊಡ ಇಳಿಸಿ ಅಲ್ಲೇ ಕುಳಿತರು. ಅವರನ್ನು ಕರೆಯಲು ಬಂದವರೂ ಕುಳಿತರು. ಭದ್ರಮ್ಮ ಒಂದು ದಿನ ಬಂದು, ಕೆಮ್ಮದ ಈ ಮನುಷ್ಯನೂ ಪರವಾಗಿಲ್ಲ ಎಂದು ಮೋನಪ್ಪನ ಪಕ್ಕದಲ್ಲೇ ಒಲೆ ಹೂಡಿದಳು. ಕೊನೆಗೆ ದಿವಾನರೂ ತಮ್ಮ ಅಧಿಕಾರವನ್ನು ಕುಂಬಳಕಾಯಿಗೆ ವಹಿಸಿ ಹೊರಗೆ ಬಂದು ಚೌಕಾಬಾರಕ್ಕೆ ಕುಳಿತರು.

ಒಳಗೆ ಉಳಿದವಳು ರಾಣಿ ಒಬ್ಬಳೇ. ಊರು ಗುಡಿಸಿದ ಹಾಗೆ ಖಾಲಿ. ತರಕಾರಿಗಳು ಮಾತ್ರ ಬೀದಿಯಲ್ಲಿ ಓಡಾಡಿಕೊಂಡಿದ್ದವು.

ಒಂದು ಬೆಳಿಗ್ಗೆ ರಾಣಿ ಊರಿನ ಹೊರಗೆ ಬಂದು ಮುಖಪುಟಮ್ಮನ ಮುಂದೆ ನೆಲದ ಮೇಲೆ ಕುಳಿತಳು. ರಾಣಿ ನೆಲದ ಮೇಲೆ ಕುಳಿತದ್ದನ್ನು ನೋಡಿ ಹೊಂಗೆಮರದ ಕೆಳಗಿನ ಆಟ ನಿಂತಿತು.

ತನ್ನನ್ನು ಮೊದಲಿನ ಹಾಗೆ ಮಾತಾಡಿಸಬೇಕಾದರೆ ಏನು ಮಾಡಬೇಕು ಎಂದು ರಾಣಿ ಕೇಳಿದಳು.

"ನಾನು ನಿಮ್ಮನ್ನು ಮರೆಯಬೇಕು" ಎಂದಳು ಮುಖಪುಟಮ್ಮ.

"ಮರೆ."

"ನಾನು ಅರ್ಧ ಮರೆಯುವವಳಲ್ಲ. ಮರೆತರೆ ನಿಮ್ಮ ಹೆಸರಿನಲ್ಲಿ ಇರುವುದೆಲ್ಲ ಹೋಗುತ್ತದೆ. ನೀವು ಚಿಕ್ಕವರಾಗಿದ್ದದ್ದೂ ಹೋಗುತ್ತದೆ. ಅದನ್ನು ನೋಡಿದವರು ನನ್ನನ್ನು ಬಿಟ್ಟು ಈಗ ಯಾರೂ ಇಲ್ಲ."

ರಾಣಿ ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ಹುಡುಕಿದಳು. ಅಜ್ಜಿ ಇಲ್ಲ. ಅಪ್ಪಾಜಿ ಇಲ್ಲ. ಎತ್ತಿ ಆಡಿಸಿದ ದಾದಿ ಇಲ್ಲ. ಹುಣಸೆಮರಕ್ಕೆ ಜೊತೆಯಲ್ಲಿ ಹತ್ತುತ್ತಿದ್ದ ಗೆಳತಿಯೂ ಹೋಗಿ ಕಾಲವಾಯಿತು. ಹುಣಸೆಮರವನ್ನೂ ಕಡಿದಿದ್ದರು. ಮುಖಪುಟಮ್ಮ ಮರೆತರೆ, ತಾನೊಂದು ಕಾಲದಲ್ಲಿ ಚಿಕ್ಕವಳಾಗಿದ್ದೆ ಎನ್ನುವುದಕ್ಕೆ ತನ್ನ ಮಾತೊಂದೇ ಸಾಕ್ಷಿ. ಮರೆಯದಿದ್ದರೆ, ಇರುವಷ್ಟು ದಿನ ಎಲ್ಲ ತಿಳಿದ ಬಾಗಿಲಿನ ಮುಂದೆ ಮಾತಿಲ್ಲದೆ ಹಾದುಹೋಗಬೇಕು.

"ಹಾಗಾದರೆ ಒಂದು ಸಲ ಎಲ್ಲ ಹೇಳಿಬಿಡು" ಎಂದಳು ರಾಣಿ. "ಆಮೇಲೆ ಮರೆ."

ಮುಖಪುಟಮ್ಮ ಹೇಳತೊಡಗಿದಳು. ಹುಟ್ಟಿದ ಕೂಸನ್ನು ಅಜ್ಜಿ ಮೊದಲ ಸಲ ಹೊರಗೆ ಎತ್ತಿಕೊಂಡು ಹೋಗಿ ಬಂದದ್ದು. ಕೂಸು ಊರು ಕೇಳುವ ಹಾಗೆ ಅಳುತ್ತಿತ್ತು. ಬಂದವರನ್ನೆಲ್ಲ ಕೇಳುವ ಹಾಗೆ ಕೂಸನ್ನೂ ಕೇಳಿದ್ದಾಯಿತು, ತಲೆ ಬಾಚಿಕೊಂಡಿದ್ದೀಯಾ ಎಂದು. ಕೂಸಿನ ತಲೆಯಲ್ಲಿ ಕೂದಲೇ ಇರಲಿಲ್ಲ. ಆದರೂ ಅಳು ನಿಲ್ಲಿಸಿ ಕಣ್ಣರಳಿಸಿ ನೋಡಿತು. ಆಮೇಲೆ ಒಂದು ಮಧ್ಯಾಹ್ನ ಲಂಗದ ಮಡಿಲಲ್ಲಿ ಬೆಕ್ಕಿನ ಮರಿ ಬಚ್ಚಿಟ್ಟುಕೊಂಡು ಬಂದು, ಮಡಿಲಲ್ಲಿ ಏನೂ ಇಲ್ಲ ಎಂದದ್ದು. ಏನೂ ಇಲ್ಲದ ಮಡಿಲು ಮಿಯಾಂವ್ ಎಂದದ್ದು. ಸ್ಲೇಟು ಒಡೆದುಕೊಂಡು ಬಂದದ್ದು. ಹುಣಸೆಹಣ್ಣು ತಿಂದು ಹಲ್ಲು ಜುಮ್ಮೆಂದು ಮಾತಾಡಲಾರದೆ ತಲೆ ಅಲ್ಲಾಡಿಸಿದ್ದು.

ರಾಣಿಗೆ ಇವುಗಳಲ್ಲಿ ಕೆಲವು ನೆನಪಿತ್ತು, ಕೆಲವು ಇರಲಿಲ್ಲ. ಎಲ್ಲವನ್ನೂ ಅಲುಗಾಡದೆ ಕೇಳಿಸಿಕೊಂಡಳು.

"ಇನ್ನೊಂದು ಉಳಿದಿದೆ" ಎಂದಳು ಮುಖಪುಟಮ್ಮ. "ನಿಮ್ಮ ಅಜ್ಜಿಯನ್ನು ಈ ದಾರಿಯಲ್ಲೇ ಹೊತ್ತುಕೊಂಡು ಹೋದರು. ಎಲ್ಲರೂ ಹಿಂದಿರುಗಿದ ಮೇಲೆ ನೀವು ಕಡೆಯಲ್ಲಿ ಒಬ್ಬರೇ ಬಂದಿರಿ. ನಾನು ಕೇಳಿದೆ. ಬಾಚುವವರು ಇಲ್ಲ ಎಂದಿರಿ. ನಾನು ಬಾಚಣಿಗೆ ಇಳಿಸಿದೆ. ಅಂದು ಮೊದಲ ಸಲ ನೀವೇ ಬಾಚಿಕೊಂಡಿರಿ. ಬೈತಲೆ ಡೊಂಕಾಗಿತ್ತು. ನಾನು ಹೇಳಲಿಲ್ಲ."

ರಾಣಿಯ ಕೈ ತಾನಾಗಿ ಬೈತಲೆಯ ಮೇಲೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಹೊಂಗೆಮರದ ಕೆಳಗೆ ಜನರ ನಡುವೆ ನಿಂತಿದ್ದ ಇನಾಸಪ್ಪನ ಕಡೆ ನೋಡಿ ತಲೆಯಾಡಿಸಿದಳು. ಇನಾಸಪ್ಪ ಒಂದು ಒದ್ದೆ ಬಟ್ಟೆ ತಂದು, ಅವಳ ಹೆಸರಿದ್ದ ಜಾಗವನ್ನು ಮೆಲ್ಲಗೆ ಒರೆಸಿದ. ಒರೆಸುವಾಗ ಅವನು ಆ ಕಡೆ ನೋಡಲಿಲ್ಲ.

ರಾಣಿ ಕೆರೆಯ ಏರಿಯವರೆಗೆ ಹೋಗಿ ಹಿಂದಿರುಗಿದಳು. ಮುಖಪುಟಮ್ಮನ ಮುಂದೆ ಬಂದು ನಿಂತಳು.

"ಯಾರು ನೀವು?" ಎಂದಳು ಮುಖಪುಟಮ್ಮ.

ರಾಣಿಗೆ ಮೊದಲು ಸಿಟ್ಟು ಬಂತು. ಇಂಥ ಒರಟು ಪ್ರಶ್ನೆಯನ್ನು ಬರೆಸಿದವರು ಯಾರು ಎಂದು ತಿರುಗಿದಳು. ಇನಾಸಪ್ಪ ಆಕಾಶ ನೋಡಿದ. ದಿವಾನರು ಚೌಕಾಬಾರದ ಮನೆ ನೋಡಿದರು. ಆಗ ರಾಣಿಗೆ ತಾನೇ ಎಂದು ನೆನಪಾಯಿತು. ಹಳೆಯ ಪ್ರಶ್ನೆ ಎಲ್ಲಿ ಹೋಯಿತು ಎಂದು ಕೇಳಿದಳು. ಅದು ತಮ್ಮ ಹೆಸರಿಗೇ ಬರೆದಿತ್ತಲ್ಲ, ಹೆಸರಿನ ಜೊತೆಗೆ ಅದೂ ಒರೆಸಿಹೋಯಿತು ಎಂದ ಇನಾಸಪ್ಪ. ದಿವಾನರು ಮುಂದೆ ಬಂದು, ಅದಕ್ಕೇನು, ಮತ್ತೆ ಹೇಳಿಕೊಟ್ಟರಾಯಿತು ಎಂದರು.

"ಬೇಡ" ಎಂದಳು ರಾಣಿ. "ನಾನೇ ಹೇಳಿಕೊಟ್ಟು, ನಾನೇ ಕೇಳಿಸಿಕೊಳ್ಳಲೇ?"

ಜನ ತಲೆ ತಗ್ಗಿಸಿ ನಿಂತರು. ಅತ್ತ ಅಜ್ಜಿಯ ಕಾಲದ ಮಾತೂ ಹೋಯಿತು, ಇತ್ತ ನೆನಪೂ ಹೋಯಿತು. ರಾಣಿ ಹಿಂದಿರುಗಿ ಬರುತ್ತಾಳೆ, ತಮ್ಮ ಪಕ್ಕದಲ್ಲಿ ಕೂರುತ್ತಾಳೆ ಎಂದು ಭದ್ರಮ್ಮ ಒಂದು ಚಾಪೆಯನ್ನೂ ಕೊಡವಿ ಹಾಸಿದಳು.

ಆದರೆ ರಾಣಿಗೆ ಚಿಕ್ಕಂದಿನಿಂದ ಒಂದು ಅಭ್ಯಾಸ ಮಾಡಿಸಿದ್ದರು. ಹಿರಿಯರು ಪ್ರಶ್ನೆ ಕೇಳಿದರೆ ಕೈಕಟ್ಟಿ, ನೆಟ್ಟಗೆ ನಿಂತು, ಪೂರ್ಣ ವಾಕ್ಯದಲ್ಲಿ ಉತ್ತರ ಹೇಳಬೇಕು. ಪ್ರಶ್ನೆ ಎಂಥದೇ ಇರಲಿ, ಉತ್ತರ ಹೇಳದೆ ತಿರುಗುವುದು ಅವಳಿಂದ ಆಗದ ಕೆಲಸ. ಊರಿನವರೆಲ್ಲ ತಿರುಗಿಹೋದ ಜಾಗದಲ್ಲಿ ಅವಳು ಕೈಕಟ್ಟಿ ನಿಂತಳು.

"ನಾನು ಹುಟ್ಟಿದಾಗ ನನ್ನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ" ಎಂದಳು.

ಮುಖಪುಟಮ್ಮ ಇದನ್ನು ಎಂದೂ ಕೇಳಿರಲಿಲ್ಲ. ಅಂಚುಗಳು ಸ್ವಲ್ಪ ಮುಂದಕ್ಕೆ ಬಾಗಿದವು.

"ಆಮೇಲೆ?" ಎಂದಳು.

ರಾಣಿ ಹೇಳಿದಳು. ಬೆಕ್ಕಿನ ಮರಿಯ ಪ್ರಸಂಗ ಬಂದಾಗ ಮುಖಪುಟಮ್ಮ ಎಷ್ಟು ನಕ್ಕಳೆಂದರೆ ಎರಡು ಕಂಬಗಳೂ ಅಲುಗಾಡಿದವು. ಎಡಗಂಬ ಬಲಗಂಬಕ್ಕೆ, ಹೆಣ್ಣುಮಗು ಬಹಳ ತುಂಟಿ ಇದ್ದಿರಬೇಕು ಎಂದಿತು. ಬಲಗಂಬ, ಮೆಲ್ಲಗೆ ಮಾತಾಡು, ಮುಂದಿನದು ಕೇಳಿಸುವುದಿಲ್ಲ ಎಂದಿತು. ಸ್ಲೇಟು ಒಡೆದದ್ದಾಯಿತು, ಹುಣಸೆಹಣ್ಣಾಯಿತು. ಹೇಳುತ್ತ ಹೇಳುತ್ತ ಮುಖಪುಟಮ್ಮನಿಗೂ ಗೊತ್ತಿಲ್ಲದಿದ್ದವು ರಾಣಿಗೆ ಒಂದೊಂದಾಗಿ ನೆನಪಾದವು. ಅಜ್ಜಿ ಸೀಗೆಪುಡಿ ಕಲಸಲು ಹೊರಟರೆ ತಾನು ಕಣಜದ ಹಿಂದೆ ಅಡಗುತ್ತಿದ್ದದ್ದು. ಗೆಳತಿಗೂ ತನಗೂ ಒಂದೇ ರಿಬ್ಬನ್ ಇದ್ದು, ದಿನ ಬಿಟ್ಟು ದಿನ ಕಟ್ಟಿಕೊಳ್ಳುತ್ತಿದ್ದದ್ದು. ಇವನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ಹೇಳು ಎಂದು ಯಾರೂ ಕೇಳಿರಲಿಲ್ಲ.

ಹೊಂಗೆಮರದ ಕೆಳಗಿದ್ದವರು ಮೆಲ್ಲಗೆ ಹತ್ತಿರ ಬಂದು ಕುಳಿತರು. ಮೋನಪ್ಪ ಬಂದ, ಕಾಳಯ್ಯ ಬಂದ. ಊರೊಳಗಿನಿಂದ ಕುಂಬಳಕಾಯಿಯೂ ಉರುಳಿಕೊಂಡು ಬಂದು ದಿವಾನರ ಪಕ್ಕದಲ್ಲಿ ಕುಳಿತಿತು. ದಿವಾನರು ಅದಕ್ಕೆ ಜಾಗ ಬಿಟ್ಟರು.

ಕೊನೆಗೆ ರಾಣಿ ಅಜ್ಜಿ ಹೋದ ದಿನಕ್ಕೆ ಬಂದಳು. ಡೊಂಕು ಬೈತಲೆಯ ವಿಷಯ ಹೇಳಿದಳು. ಬಾಗಿಲಲ್ಲಿದ್ದವಳು ಅದನ್ನು ನೋಡಿಯೂ ಹೇಳದೆ ಒಳಗೆ ಬಿಟ್ಟದ್ದನ್ನು ಹೇಳಿದಳು.



"ಆ ಬಾಗಿಲಿನವಳು ಯಾರೋ ಒಳ್ಳೆಯವಳಿರಬೇಕು" ಎಂದಳು ಮುಖಪುಟಮ್ಮ.

"ಒಳ್ಳೆಯವಳೇ" ಎಂದಳು ರಾಣಿ.

ಜಾಲತಾಣಗಳಿಗೆಲ್ಲ ಒಂದು ಕಟ್ಟಳೆ ಇದೆ. ಹೊಸಬರು ಬಂದು ಒಳಗೆ ಹೋಗುವಾಗ ಒಂದು ಮಾತು ಕೇಳಲೇಬೇಕು. ಮುಖಪುಟಮ್ಮ ದಾರಿ ಬಿಡುತ್ತ ಅದನ್ನು ಕೇಳಿದಳು.

"ನಿಮ್ಮನ್ನು ನೆನಪಿಟ್ಟುಕೊಳ್ಳಲೇ?"

ರಾಣಿ ಒಳಗೆ ಒಂದು ಹೆಜ್ಜೆ ಇಟ್ಟವಳು ನಿಂತಳು.

"ಬೇಡ" ಎಂದಳು. "ನಾಳೆ ಬರುತ್ತೇನೆ. ಮತ್ತೆ ಕೇಳು."

ರಾಣಿಯ ಹಿಂದೆ ಕಾಳಯ್ಯ ನಿಂತಿದ್ದ. ಅವನ ಹಿಂದೆ ಮೋನಪ್ಪ, ಮೋನಪ್ಪನ ಹಿಂದೆ ಭದ್ರಮ್ಮ, ಅವಳ ಹಿಂದೆ ಇಡೀ ಊರು. ಒಬ್ಬೊಬ್ಬರೂ ಗಂಟಲು ಸರಿಮಾಡಿಕೊಂಡು, ಎಲ್ಲಿಂದ ಶುರುಮಾಡುವುದು ಎಂದು ಯೋಚಿಸುತ್ತಿದ್ದರು. ಆ ಸಾಲು ಇನ್ನೂ ಮುಗಿದಿಲ್ಲವಂತೆ.

ನೀತಿ ಹೇಳದಿದ್ದರೆ ಏಳುವುದಿಲ್ಲ ಎನ್ನುವವರು ಕೆಲವರು ಇದ್ದೀರಿ. ನೀತಿ ಇದು: ಜಾಲತಾಣ ಕಟ್ಟಿಸುವವರು ಮೊದಲು ಊಟ ಮುಗಿಸಬೇಕು, ಎಲೆಯ ಮುಂದಿನಿಂದ ಎದ್ದು ಬಂದು ಅಪ್ಪಣೆ ಕೊಡಬಾರದು. ಕತೆ ಕಂಬದ ಆಚೆ ಹೋಯಿತು, ನಾವು ಕಂಬದ ಈಚೆ ಉಳಿದೆವು. ಏಳಿ, ಚಾಪೆ ಮಡಚಿಡಿ.